ಹಂಚಿಹೋದ ವಾದ್ಯವೃಂದ: ಸ್ಯಾಂಪಲ್ ಸಂಗೀತದಲ್ಲಿ ಕಂಪ್ಯೂಟರ್ ಜಾಲ

ಚಲನಚಿತ್ರಗಳಿಗೆ ಪಾಶ್ಚಾತ್ಯ ವಾದ್ಯವೃಂದದ ಸಂಗೀತ ರಚಿಸುವವರ ಸ್ಟುಡಿಯೋಗಳಲ್ಲಿ ಒಂದು ಮುಖ್ಯ ಕಂಪ್ಯೂಟರಿನ ಜತೆಗೆ ಎರಡೋ ಮೂರೋ, ಕೆಲವೊಮ್ಮೆ ಇನ್ನೂ ಹೆಚ್ಚು ಯಂತ್ರಗಳನ್ನು ಜಾಲದಲ್ಲಿ ಜೋಡಿಸಿಕೊಳ್ಳುವ ರೂಢಿ ಕಾಲು ಶತಮಾನದಿಂದ ಇದೆ. ಮುಖ್ಯ ಯಂತ್ರದಲ್ಲಿ ಸೀಕ್ವೆನ್ಸರ್, ಎಂದರೆ ಸ್ವರಗಳ ಸೂಚನೆಗಳನ್ನು ಬರೆದಿಟ್ಟು ಕಳಿಸುವ ತಂತ್ರಾಂಶ, ಇರುತ್ತದೆ. ಉಳಿದವು ಪಿಟೀಲು, ಚೆಲ್ಲೋ, ಹಾರ್ನ್‌ಗಳ ಧ್ವನಿಮುದ್ರಿತ ತುಣುಕುಗಳನ್ನು, ಎಂದರೆ ಸ್ಯಾಂಪಲ್‌ಗಳನ್ನು, ಮೆಮೊರಿಯಲ್ಲಿ ತುಂಬಿಕೊಂಡು ಸೂಚನೆ ಬಂದೊಡನೆ ನುಡಿಸುತ್ತವೆ. ಈ ಏರ್ಪಾಡು ಹುಟ್ಟಿದ್ದು ಮೆಮೊರಿಯ ಕೊರತೆಯಿಂದ. ಕೊರತೆ ಬಹುಮಟ್ಟಿಗೆ ನೀಗಿದ ಮೇಲೂ ಏರ್ಪಾಡು ಏಕೆ ಉಳಿಯಿತು ಎಂಬುದು ಇಲ್ಲಿಯ ಪ್ರಶ್ನೆ.

1990ರ ದಶಕದ ಅಕಾಯ್ ಎಸ್3000 ಸ್ಯಾಂಪ್ಲರ್‌ನಲ್ಲಿ ಹೆಚ್ಚೆಂದರೆ 32 ಮೆಗಾಬೈಟ್ ಮೆಮೊರಿ ಇತ್ತು. ಸ್ಟೀರಿಯೋದಲ್ಲಿ ಅದು ಸುಮಾರು ಮೂರು ನಿಮಿಷದ ಧ್ವನಿ. ಒಂದು ಪಿಟೀಲಿನ ಎಲ್ಲ ಸ್ವರಗಳನ್ನು ಉದ್ದಕ್ಕೆ ನುಡಿಸಿ ಹಿಡಿದಿಡಲೂ ಅದು ಸಾಲದು. 1998ರಲ್ಲಿ ನೆಮೆಸಿಸ್ ಸಂಸ್ಥೆಯ ಗಿಗಾಸ್ಯಾಂಪ್ಲರ್ ಪ್ರತಿ ತುಣುಕಿನ ಆರಂಭವನ್ನು ಮಾತ್ರ ಮೆಮೊರಿಯಲ್ಲಿಟ್ಟು, ಉಳಿದುದನ್ನು ಹಾರ್ಡ್ ಡಿಸ್ಕಿನಿಂದ ನುಡಿಸುವಾಗಲೇ ಓದಿಕೊಳ್ಳುವ ಉಪಾಯ ತಂದಿತು. ಉಪಾಯ ಫಲಿಸಿದ್ದೇ ಆಸೆಯೂ ಬೆಳೆಯಿತು. ಚೆಲ್ಲೋವಾದಕ ಹರ್ಬ್ ಟುಕ್ಮಾಂಡ್ಲ್ ಸ್ಥಾಪಿಸಿದ ವಿಯೆನ್ನಾ ಸಿಂಫೋನಿಕ್ ಲೈಬ್ರರಿ, ಬಿಡಿ ಸ್ವರಗಳಲ್ಲದೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಕ್ಷಣಗಳನ್ನೂ ಬೇರೆಬೇರೆಯಾಗಿ ಮುದ್ರಿಸಿಕೊಂಡಿತು. ಪಿಟೀಲಿನ ನಲವತ್ತಕ್ಕೂ ಹೆಚ್ಚು ಸ್ವರಗಳಿಂದ ಮೇಲೆ ಹನ್ನೆರಡು, ಕೆಳಗೆ ಹನ್ನೆರಡು ಅಂತರಗಳೆಂದರೆ ಸಾವಿರದ ಹತ್ತಿರ ತುಣುಕುಗಳು. ಮೆಲುದನಿ, ಏರುದನಿಗಳಿಗೆ ಅದರ ದುಪ್ಪಟ್ಟು, ಮುಪ್ಪಟ್ಟು. (ನಮ್ಮ ಗಮಕ ಈ ಚೌಕಟ್ಟಿಗೆ ಒಗ್ಗದು. ಎರಡು ಸ್ವರಗಳ ನಡುವಿನ ಓಲಾಟವನ್ನು ಹನ್ನೆರಡು ಮೆಟ್ಟಿಲುಗಳ ಎಣಿಕೆ ಹಿಡಿಯಲಾರದು.) ತುಣುಕಿನ ಆರಂಭಕ್ಕೆ 64 ಕಿಲೋಬೈಟ್‌ನಂತೆ ಹಿಡಿದರೂ ಇಡೀ ವೃಂದದ 50,000 ತುಣುಕುಗಳಿಗೆ ಮೂರು ಗಿಗಾಬೈಟ್ ಮೀರುತ್ತದೆ. ಅಂದಿನ 32-ಬಿಟ್ ವಿಂಡೋಸ್ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಬಿಟ್ಟುಕೊಡುತ್ತಿದ್ದುದು ಎರಡೇ ಗಿಗಾಬೈಟ್. ತಂತಿವಾದ್ಯಗಳಿಗೆ ಒಂದು ಯಂತ್ರ, ಊದುವ ವಾದ್ಯಗಳಿಗೆ ಇನ್ನೊಂದು, ತಾಳವಾದ್ಯಗಳಿಗೆ ಮತ್ತೊಂದು ಎಂದು ಪಾಲು ಮಾಡದೆ ಗತಿಯಿರಲಿಲ್ಲ.

ಮೊದಲು ಈ ಯಂತ್ರಗಳನ್ನು ಬೆಸೆದದ್ದು ಸ್ವರದ ಸೂಚನೆ ಸಾಗಿಸುವ ಮಿಡಿ ಕೇಬಲ್ಲು ಮತ್ತು ಧ್ವನಿಯನ್ನು ಮರಳಿ ತರುವ ಡಿಜಿಟಲ್ ಆಡಿಯೋ ತಂತಿ. ಒಂದು ಮಿಡಿ ಕೇಬಲಿನಲ್ಲಿ 16 ಚಾನೆಲ್. ಒಂದು ಸ್ವರದ ಸೂಚನೆ ದಾಟಲು ಸುಮಾರು ಒಂದು ಮಿಲಿಸೆಕೆಂಡ್. ಇಪ್ಪತ್ತು ಸ್ವರಗಳ ಗುಚ್ಛವನ್ನು ಒಂದೇ ಕೇಬಲಿನಲ್ಲಿ ಕಳಿಸಿದರೆ ಕೊನೆಯ ಸ್ವರ ಹಿಂದೆ ಬೀಳುವುದು ಕಿವಿಗೇ ತಿಳಿಯುತ್ತಿತ್ತು. 2010ರ ಹೊತ್ತಿಗೆ ವಿಯೆನ್ನಾ ಎನ್ಸೆಂಬಲ್ ಪ್ರೋ ತಂತ್ರಾಂಶ ಸೂಚನೆ, ಧ್ವನಿ ಎರಡನ್ನೂ ಒಂದೇ ಎಥರ್ನೆಟ್ ತಂತಿಗೆ ತಂದಿತು. ಜಾಲದ ಸಾಮರ್ಥ್ಯ ಇಲ್ಲಿ ತೊಡಕೇ ಅಲ್ಲ. 48 ಕಿಲೋಹರ್ಟ್ಸ್, 32 ಬಿಟ್‌ನ ಒಂದು ಚಾನೆಲಿಗೆ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಸಾಕು. ಇನ್ನೂರು ಚಾನೆಲ್ ಹರಿದರೂ ಗಿಗಾಬಿಟ್ ತಂತಿಯ ಮೂರನೇ ಒಂದು ಪಾಲು ತುಂಬದು.

ತೊಡಕಿರುವುದು ವಿಳಂಬದಲ್ಲಿ, ಅದರಲ್ಲೂ ಹೆಚ್ಚುಕಡಿಮೆಯಾಗುವ ವಿಳಂಬದಲ್ಲಿ. ಧ್ವನಿಯನ್ನು ಬಫರ್ ಎಂಬ ಸಣ್ಣ ಕಂತುಗಳಲ್ಲಿ ಕೂಡಿಟ್ಟು ಕಳಿಸುತ್ತಾರೆ; ಇಲ್ಲಿ ಸ್ಯಾಂಪಲ್ ಎಂದರೆ ವಾದ್ಯದ ತುಣುಕಲ್ಲ, ಸೆಕೆಂಡಿಗೆ 48,000 ಸಲ ತೆಗೆದ ಧ್ವನಿಯ ಅಳತೆ. 256 ಸ್ಯಾಂಪಲ್‌ಗಳ ಬಫರ್ ಎಂದರೆ 5.3 ಮಿಲಿಸೆಕೆಂಡ್. ಜಾಲಕ್ಕೆಂದು ಅಂಥ ಎರಡನ್ನು ಸೇರಿಸಿದರೂ, ಗಾಳಿಯಲ್ಲಿ ಶಬ್ದ ಮೂರೂವರೆ ಮೀಟರಿಗಿಂತ ತುಸು ಹೆಚ್ಚು ಸಾಗುವಷ್ಟು ಹೊತ್ತು. ವೇದಿಕೆಯ ಹಿಂಸಾಲಿನ ತಾಳವಾದ್ಯ ವಾದ್ಯವೃಂದದ ನಿರ್ದೇಶಕರನ್ನು ತಲುಪುವುದು ಇದಕ್ಕಿಂತ ತಡವಾಗಿಯೇ. ವಿಳಂಬ ಸ್ಥಿರವಾಗಿದ್ದರೆ, ಬರೆದಿಟ್ಟುದನ್ನು ಮರಳಿ ನುಡಿಸುವಾಗ ಸೀಕ್ವೆನ್ಸರ್ ತಾನೇ ಸರಿದೂಗಿಸುತ್ತದೆ. ಕೀಬೋರ್ಡಿನಲ್ಲಿ ನೇರವಾಗಿ ನುಡಿಸುವವರಿಗೆ ಮಾತ್ರ ಬೆರಳಿನಡಿಯ ಭಾರ ಗೊತ್ತಾಗುತ್ತದೆ. ವಿಳಂಬವೇ ಏರಿಳಿದರೆ ಚಟಪಟ ಸದ್ದು ಬರುತ್ತದೆ, ಧ್ವನಿ ಕಡಿಯುತ್ತದೆ. ಈ ಕೆಲಸಕ್ಕೆ ವೈಫೈ ಬಳಸದಿರುವುದು ಇದೇ ಕಾರಣಕ್ಕೆ.

ಈಗ 128 ಗಿಗಾಬೈಟ್ ಮೆಮೊರಿಯ ಒಂದೇ ಕಂಪ್ಯೂಟರ್ ಅಂದಿನ ಇಡೀ ಸಾಲನ್ನು ನುಂಗಬಲ್ಲದು. ಆದರೂ ಅದೇ ಯಂತ್ರದೊಳಗೆ, ವಾದ್ಯಗಳನ್ನು ಹೊತ್ತ ಸರ್ವರ್ ತಂತ್ರಾಂಶವನ್ನು ಸೀಕ್ವೆನ್ಸರಿನಿಂದ ಬೇರೆಯಾಗಿ ನಡೆಸುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಜಾಲದ ನಿಜವಾದ ಲಾಭವನ್ನು ಇದೇ ತೋರಿಸುತ್ತದೆ. ಒಂದು ಚಿತ್ರಕ್ಕೆ ಹತ್ತಾರು ಸಂಗೀತ ಭಾಗಗಳು, ಪ್ರತಿಯೊಂದಕ್ಕೂ ಪ್ರತ್ಯೇಕ ಕಡತ. ವಾದ್ಯಗಳು ಕಡತದೊಳಗೇ ಇದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಇಡೀ ವೃಂದವನ್ನು ಮತ್ತೆ ಮೆಮೊರಿಗೆ ತುಂಬುತ್ತ ಕೂರಬೇಕು. ಸರ್ವರಿನಲ್ಲಿದ್ದರೆ ವೃಂದ ಕೂತಲ್ಲೇ ಕೂತಿರುತ್ತದೆ, ಎದುರಿನ ಹಾಳೆ ಮಾತ್ರ ಬದಲಾಗುತ್ತದೆ. ಕೆಲಸದ ಲಯ ಕಡಿಯದಿರುವುದು ಗಡುವಿನಡಿ ದುಡಿಯುವವರಿಗೆ ಯಂತ್ರದ ವೇಗಕ್ಕಿಂತ ದೊಡ್ಡದು.

ಇದಕ್ಕೆ ತೆರುವ ಬೆಲೆಯ ಬಗ್ಗೆ ಚರ್ಚೆ ಸಾಲದು. ಹತ್ತನೆಯ ಭಾಗಕ್ಕೆಂದು ಸರ್ವರಿನಲ್ಲಿ ಹಾರ್ನಿನ ಮಟ್ಟ ತಗ್ಗಿಸಿದರೆ ಎರಡನೆಯ ಭಾಗದ ಹಾರ್ನೂ ತಗ್ಗುತ್ತದೆ. ಅದಕ್ಕಾಗಿಯೇ ಮುಗಿದ ಭಾಗಗಳನ್ನು ವಾದ್ಯವರ್ಗಗಳಾಗಿ ವಿಂಗಡಿಸಿ ಕೂಡಲೇ ಆಡಿಯೋ ರೂಪದಲ್ಲಿ ತೆಗೆದಿಡುತ್ತಾರೆ. ಸಂಗೀತದ ದಾಖಲೆ ಕಾಯುವವರಿಗೆ ತೊಂದರೆ ಇನ್ನೂ ಆಳವಾದದ್ದು. ಸೀಕ್ವೆನ್ಸರ್ ಕಡತದಲ್ಲಿ ಸ್ವರವಿದೆ, ಅವಧಿಯಿದೆ, ಒತ್ತಿದೆ, ನಾದವಿಲ್ಲ. ನೆಮೆಸಿಸನ್ನು 2001ರಲ್ಲಿ ಕೊಂಡ ಟಾಸ್ಕಾಮ್, ಗಿಗಾಸ್ಯಾಂಪ್ಲರಿನ ಉತ್ತರಾಧಿಕಾರಿಯಾದ ಗಿಗಾಸ್ಟುಡಿಯೋವನ್ನು 2008ರಲ್ಲಿ ನಿಲ್ಲಿಸಿತು. ಅದನ್ನು ನಂಬಿ ಬರೆದ ಸಂಗೀತವನ್ನು ಇಂದು ಮೂಲದಂತೆ ನುಡಿಸಲು ಆ ಕಾಲದ ವಿಂಡೋಸ್, ಆ ಕಾಲದ ಸೌಂಡ್ ಕಾರ್ಡ್, ಲೈಬ್ರರಿಯ ಅದೇ ಆವೃತ್ತಿ, ಸರ್ವರಿನ ಅಂದಿನ ಮಿಕ್ಸರ್ ಸ್ಥಿತಿ ಎಲ್ಲವೂ ಬೇಕು. ಇವುಗಳಲ್ಲಿ ಯಾವುದೂ ಸಂಯೋಜಕರ ಕಡತದೊಳಗೆ ಉಳಿದಿರುವುದಿಲ್ಲ.