ಹೊಲದ ನಡುವಣ ಬಟ್ಟೆ: ಖಾನಾಪುರ ಸೀಮೆಯಲ್ಲಿ ದಾರಿಯ ಹಕ್ಕು ಮತ್ತು ಭೂಒಡೆಯನ ಅಳಲು

ಹಳಗನ್ನಡದಲ್ಲಿ ದಾರಿಗೆ 'ಬಟ್ಟೆ' ಎಂಬ ಹೆಸರಿದೆ. ದಾನಶಾಸನಗಳು ಭೂಮಿಯ ಎಲ್ಲೆಯನ್ನು ಹೇಳುವಾಗ ಹಳ್ಳ, ಕೆರೆಯ ಏರಿ, ಹುಣಿಸೆಯ ಮರ, ನಟ್ಟ ಕಲ್ಲುಗಳೊಡನೆ 'ಹೆಬ್ಬಟ್ಟೆ'ಯನ್ನೂ ಹೆಸರಿಸುವುದುಂಟು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಶಾಸನದ ಬಟ್ಟೆ ಸಾಮಾನ್ಯವಾಗಿ ಹೊಲದ ಅಂಚಿನಲ್ಲಿದೆ. ಅದು ಎಲ್ಲೆಯನ್ನು ತೋರುವ ಗುರುತು. ಹೊಲದ ಒಳಗೆ ಹಾದು, ಇನ್ನೊಬ್ಬನ ಗದ್ದೆಗೋ ಬಾವಿಗೋ ದೇವರ ಬನಕ್ಕೋ ಹೋಗುವ ಕಾಲುದಾರಿಯನ್ನು ಕಲ್ಲಿನ ಮೇಲೆ ಬರೆಯಿಸುವ ಅಗತ್ಯ ಯಾರಿಗೂ ಕಂಡಂತಿಲ್ಲ. ಅದು ಊರಿನ ನೆನಪಿನಲ್ಲಿತ್ತು, ನಡೆಯುವವರ ಕಾಲಿನಲ್ಲಿತ್ತು. ಬರಹಕ್ಕೆ ಬಾರದ ಈ ದಾರಿಯೇ ಇಂದು ತಹಶೀಲ್ದಾರರ ಕಚೇರಿಯಿಂದ ಸಿವಿಲ್ ನ್ಯಾಯಾಲಯದವರೆಗೆ ರೈತರನ್ನು ಅಲೆದಾಡಿಸುವ ವ್ಯಾಜ್ಯಗಳಲ್ಲಿ ಮುಖ್ಯವಾದುದು ಎಂಬುದು ವಿಚಾರಾರ್ಹ.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಗುಂಜಿ, ಖಾನಾಪುರದಿಂದ ಲೋಂಡಾಕ್ಕೆ ಹೋಗುವ ಹೆದ್ದಾರಿ ಮತ್ತು ರೈಲುಮಾರ್ಗಗಳ ಮೇಲಿರುವ ಊರು. ಬಯಲುಸೀಮೆ ಮುಗಿದು ಸಹ್ಯಾದ್ರಿಯ ಕಾಡು ಆರಂಭವಾಗುವ ಈ ಭಾಗದಲ್ಲಿ ಭತ್ತದ ಗದ್ದೆ, ಗೋಡಂಬಿಯ ತೋಟ, ಕಬ್ಬಿನ ಹೊಲ, ಅರಣ್ಯದ ಅಂಚು ಒಂದಕ್ಕೊಂದು ಹೆಣೆದುಕೊಂಡಿವೆ. ಕನ್ನಡ, ಮರಾಠಿಗಳೆರಡನ್ನೂ ಆಡುವ ಜನ ಇಲ್ಲಿದ್ದಾರೆ. ಹೊಲದ ದಾಖಲೆಗೆ 'ಉತಾರ', ಗೋಮಾಳಕ್ಕೆ 'ಗಾಯರಾಣ', ಎಲ್ಲೆಯ ಏರಿಗೆ 'ಬಾಂದು' ಎನ್ನುವ ಮಾತುಗಳು ಎರಡೂ ಭಾಷೆಗಳಲ್ಲಿ ಸಲ್ಲುತ್ತವೆ. ಇಂಥ ನೆಲದಲ್ಲಿ ಮನೆ ಒಂದು ಕಡೆ, ಗದ್ದೆ ಒಂದು ಕಡೆ, ದನ ಮೇಯುವ ಜಾಗ ಮತ್ತೊಂದು ಕಡೆ ಇರುವುದು ಸಹಜ. ಒಬ್ಬನ ಹೊಲವನ್ನು ತುಳಿಯದೆ ಇನ್ನೊಬ್ಬನು ತನ್ನ ಹೊಲವನ್ನು ಸೇರಲಾರ.

ಇದೇ ತಾಲ್ಲೂಕಿನ ಹಲಸಿ, ಕದಂಬರ ಕಾಲದ ಪಲಾಶಿಕೆ. ಅಲ್ಲಿ ದೊರೆತ ತಾಮ್ರಪಟಗಳು ಕನ್ನಡನಾಡಿನ ಭೂದಾನದ ಇತಿಹಾಸಕ್ಕೆ ಬಹು ಪ್ರಾಚೀನವಾದ ಸಾಕ್ಷಿಗಳು. ಕಾಕುಸ್ಥವರ್ಮನು ತನ್ನ ಸೇನಾಪತಿ ಶ್ರುತಕೀರ್ತಿಗೆ ಖೇಟಗ್ರಾಮದ ಬದೋವರಕ್ಷೇತ್ರವನ್ನು ಕೊಟ್ಟುದನ್ನು ಒಂದು ಪಟ ಹೇಳುತ್ತದೆ. ಮೃಗೇಶವರ್ಮನು ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಮಾತೃಸರಿತ್ ಎಂಬ ನದಿಯಿಂದ ಇಂಗಿಣೀ ಸಂಗಮದವರೆಗಿನ 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ ದಾನ ಮಾಡಿದನೆಂದು ಇನ್ನೊಂದು ತಿಳಿಸುತ್ತದೆ. ಕ್ಷೇತ್ರಕ್ಕೆ ಹೆಸರಿದೆ, ಅಳತೆಯಿದೆ, ನದಿಯಿಂದ ಸಂಗಮದವರೆಗೆ ಎಲ್ಲೆಯಿದೆ. ಆದರೆ ಈ 33 ನಿವರ್ತನದ ಒಳಗೆ ಯಾರು ನಡೆಯಬಹುದು, ಯಾರು ನಡೆಯಬಾರದು ಎಂಬ ಮಾತಿಲ್ಲ.

ಪ್ರವೇಶದ ಪ್ರಶ್ನೆಯನ್ನು ಪ್ರಾಚೀನರು ಅರಿಯದವರೇನೂ ಅಲ್ಲ. ದಖನ್ನಿನ ದಾನಪಟಗಳಲ್ಲಿ 'ಅಚಾಟಭಟಪ್ರವೇಶ್ಯ' ಎಂಬ ವಿಶೇಷಣ ಮತ್ತೆ ಮತ್ತೆ ಬರುತ್ತದೆ. ರಾಷ್ಟ್ರಕೂಟರ ಪಟಗಳಲ್ಲಿ ಇದು ವಾಡಿಕೆಯ ಮಾತೇ ಆಗಿದೆ. ದಾನವಾದ ನೆಲದಲ್ಲಿ ಚಾಟರೂ ಭಟರೂ ಕಾಲಿಡಬಾರದು ಎಂಬುದು ಇದರ ತಾತ್ಪರ್ಯ. ಇಲ್ಲಿ ತಡೆಯಲ್ಪಟ್ಟವರು ಅಧಿಕಾರದ ಬಲದಿಂದ ಬಂದು ಬಿಡಾರ ಹೂಡುವ, ಬಿಟ್ಟಿ ಕೇಳುವ ರಾಜಪುರುಷರೇ ಹೊರತು ನೆರೆಹೊಲದ ಒಕ್ಕಲಿಗನಲ್ಲ, ನೀರಿಗೆ ಹೋಗುವ ಹೆಂಗಸಲ್ಲ. ಅಂದಿನ ಒಡೆಯನ ಭಯ ಮೇಲಿನಿಂದ ಬರುವವನ ಬಗೆಗೆ. ಪಕ್ಕದಿಂದ ಬರುವವನೊಡನೆ ಊರಿನ ಹಿರಿಯರ ಮಾತು ಸಾಕಾಗುತ್ತಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಮುಂಬಯಿ ಆಧಿಪತ್ಯದ ಭೂಮಾಪನ. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಆರಂಭಿಸಿದ ಪದ್ಧತಿ, 1847ರ ಜಂಟಿ ವರದಿಯಿಂದ ನಿಯಮಬದ್ಧವಾಗಿ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ದಕ್ಷಿಣದ ಜಿಲ್ಲೆಗಳಿಗೂ ಬಂದಿತು. ಒಂದು ಜೋಡಿ ಎತ್ತಿನಿಂದ ಸಾಗುವಷ್ಟು ನೆಲವನ್ನು ಲೆಕ್ಕಕ್ಕೆ ಹಿಡಿದು ಸರ್ವೇ ನಂಬರುಗಳನ್ನು ಮಾಡಲಾಯಿತು. ಪ್ರತಿಯೊಂದಕ್ಕೂ ಬಾಂದುಕಲ್ಲು, ಕ್ಷೇತ್ರ, ಆಕಾರ, ಖಾತೆದಾರನ ಹೆಸರು ಗೊತ್ತಾದವು. ಊರಿಂದೂರಿಗೆ ಹೋಗುವ ಗಾಡಿದಾರಿಗಳು ನಕಾಶೆಗೆ ಬಂದವು. ಗದ್ದೆಯಿಂದ ಗದ್ದೆಗೆ ಹೋಗುವ ರೂಢಿಯ ದಾರಿಗಳಲ್ಲಿ ಹಲವು ಬರಲಿಲ್ಲ. ಸರಕಾರಕ್ಕೆ ಬೇಕಾಗಿದ್ದುದು ಕಂದಾಯ. ಕಂದಾಯ ಹುಟ್ಟುವುದು ಉಳುವ ನೆಲದಲ್ಲಿ, ನಡೆಯುವ ಗೆರೆಯಲ್ಲಿ ಅಲ್ಲ. ಹೀಗೆ ಒಡೆತನ ಕಾಗದಕ್ಕೆ ಏರಿತು, ನಡೆಯುವ ಹಕ್ಕು ನೆನಪಿನಲ್ಲಿಯೇ ಉಳಿಯಿತು. ಇಂದಿನ ವ್ಯಾಜ್ಯದ ಬೇರು ಈ ಅಂತರದಲ್ಲಿದೆ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಹಳಿಗಳು ಈ ಕಾಡಂಚಿನಲ್ಲಿ ಹಾದುಹೋದಾಗ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ರೈಲುಹಳಿ ಹೊಲವನ್ನು ಎರಡು ತುಂಡು ಮಾಡಿದರೆ ಆಚೆಯ ತುಂಡಿಗೆ ಒಕ್ಕಲಿಗನು ಹೋಗುವುದು ಹೇಗೆ? 1890ರ ರೈಲ್ವೆ ಕಾಯಿದೆಯು ಹೊಲದೊಡೆಯರ ಓಡಾಟಕ್ಕೆ ಆದ ಅಡ್ಡಿಯನ್ನು ನೀಗಲು ದಾಟುದಾರಿ, ಮೋರಿ, ಸೇತುವೆಗಳನ್ನು ಕಂಪನಿಯೇ ಕಟ್ಟಿಕೊಡಬೇಕೆಂದು ವಿಧಿಸಿತು. ಆದರೆ ಮಾರ್ಗವು ಸಂಚಾರಕ್ಕೆ ತೆರೆದ 10 ವರ್ಷಗಳ ಬಳಿಕ ಹೊಸ ದಾಟುದಾರಿಯ ವೆಚ್ಚವನ್ನು ಸಾಮಾನ್ಯವಾಗಿ ಅದರ ಮೇಲೆ ಹೊರಿಸುವಂತಿರಲಿಲ್ಲ. ಮುಂದಿನ ಪೀಳಿಗೆಯಲ್ಲಿ ಹೊಲ ಹಿಸ್ಸೆಯಾದಾಗ ಹುಟ್ಟುವ ಹೊಸ ಅಗತ್ಯಕ್ಕೆ ಆ ನಿಯಮದಲ್ಲಿ ಸುಲಭದ ಉತ್ತರವಿರಲಿಲ್ಲ.

ದಾರಿಯ ಹಕ್ಕಿಗೆ ನೇರವಾಗಿ ಸಂಬಂಧಿಸಿದ್ದು 1882ರ ಅನುಭೋಗದ ಹಕ್ಕುಗಳ ಕಾಯಿದೆ. ವಕೀಲರ ಬಾಯಲ್ಲಿ ಈಸ್‌ಮೆಂಟ್ ಕಾಯಿದೆ. 1891ರಲ್ಲಿ ಇದು ಮುಂಬಯಿ ಆಧಿಪತ್ಯಕ್ಕೂ ಅನ್ವಯವಾಯಿತು. ಇದರ 13ನೆಯ ಕಲಮು ಅಗತ್ಯದ ದಾರಿಯನ್ನು ಹೇಳುತ್ತದೆ: ಒಂದೇ ಒಡೆತನದಲ್ಲಿದ್ದ ಭೂಮಿ ಮಾರಾಟದಿಂದಲೋ ಪಾಲಿನಿಂದಲೋ ಒಡೆದು, ಒಂದು ತುಂಡಿಗೆ ಬೇರೆ ದಾರಿಯೇ ಇಲ್ಲವಾದರೆ ಇನ್ನೊಂದು ತುಂಡಿನ ಮೂಲಕ ಹೋಗುವ ಹಕ್ಕು ಹುಟ್ಟುತ್ತದೆ. 15ನೆಯ ಕಲಮು ದೀರ್ಘಕಾಲದ ಬಳಕೆಯಿಂದ ಬರುವ ಹಕ್ಕನ್ನು ಹೇಳುತ್ತದೆ: 20 ವರ್ಷ ಶಾಂತವಾಗಿ, ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂಬ ಭಾವದಿಂದ ನಡೆದರೆ ಆ ದಾರಿ ನಡೆದವನ ಹಕ್ಕಾಗುತ್ತದೆ. 18ನೆಯ ಕಲಮು ಊರಿನ ರೂಢಿಯಿಂದ ಬರುವ ಹಕ್ಕನ್ನು ಮಾನ್ಯ ಮಾಡುತ್ತದೆ. ಒಂದು ಊರಿನ ಎಲ್ಲರೂ ನಡೆಯುವ ಸಾರ್ವಜನಿಕ ದಾರಿಯಾದರೋ ಅನುಭೋಗದ ಹಕ್ಕಲ್ಲ; ಅದರ ಆಧಾರ ಸಮರ್ಪಣೆ ಅಥವಾ ಅನಾದಿ ರೂಢಿ.

ಹೊಲದೊಡೆಯನ ಅಳಲು 15ನೆಯ ಕಲಮಿನಲ್ಲಿ ಅಡಗಿದೆ. ಅನುಮತಿ ಪಡೆದು ನಡೆದವನಿಗೆ ಎಷ್ಟು ವರ್ಷ ನಡೆದರೂ ಹಕ್ಕು ಹುಟ್ಟದು. ಕೇಳದೆ ನಡೆದವನಿಗೆ ಹುಟ್ಟುತ್ತದೆ. 'ಹೋಗಲಿ ಬಿಡು, ನಮ್ಮವರೇ' ಎಂದು ಸುಮ್ಮನಿದ್ದ ಅಜ್ಜನ ಮೌನವು ಮೊಮ್ಮಗನ ಕಾಲಕ್ಕೆ ಹೊಲದ ಮೇಲಿನ ಭಾರವಾಗಿ ನಿಲ್ಲಬಹುದು. ಅಜ್ಜನು ಮನಸ್ಸಿನಲ್ಲಿ ಕೊಟ್ಟದ್ದು ಅನುಮತಿಯೋ, ನೆರೆಯವನು ನಡೆದದ್ದು ಹಕ್ಕಿನಿಂದಲೋ ಎಂದು ಹೇಳಬಲ್ಲ ಸಾಕ್ಷಿಗಳು ಅಷ್ಟರಲ್ಲಿ ತೀರಿಹೋಗಿರುತ್ತಾರೆ. ಆದ್ದರಿಂದ ತಿಳಿವಳಿಕೆ ಬಂದ ಒಡೆಯನು ಮೊದಲ ವರ್ಷವೇ ಮುಳ್ಳುಬೇಲಿ ಹಾಕುತ್ತಾನೆ. ಅವನು ಕ್ರೂರಿಯೆಂದಲ್ಲ, ದಯೆಗೆ ದಂಡ ತೆರಬೇಕಾದೀತೆಂಬ ಅಂಜಿಕೆ.

ಎರಡನೆಯ ಅಳಲು ದಾರಿಯ ಅಗಲದ್ದು. ತಲೆಹೊರೆ ಹೊತ್ತು ನಡೆಯುತ್ತಿದ್ದ ಬದುವಿನ ದಾರಿ ಚಕ್ಕಡಿಯ ದಾರಿಯಾಗಿ, ಟ್ರ್ಯಾಕ್ಟರ್ ದಾರಿಯಾಗಿ, ಕಬ್ಬಿನ ಲಾರಿಯ ದಾರಿಯಾಗಿ ಬೆಳೆಯುತ್ತದೆ. ಮಳೆಗಾಲದಲ್ಲಿ ಕೆಸರಾದ ಗೆರೆಯನ್ನು ತಪ್ಪಿಸಿ ಪಕ್ಕಕ್ಕೆ ಸರಿದು ನಡೆದರೆ, ನಾಟಿ ಮಾಡಿದ ಸಸಿ ತುಳಿತಕ್ಕೆ ಸಿಕ್ಕುತ್ತದೆ. ಕಾಡುಪ್ರಾಣಿಗಳಿಂದ ಬೆಳೆ ಉಳಿಸಲು ಹಾಕಿದ ಬೇಲಿಯಲ್ಲಿ ಮನುಷ್ಯರಿಗೆಂದು ಬಿಟ್ಟ ಕಂಡಿ ಕಾಡುಹಂದಿಗೂ ಬಾಗಿಲಾಗುತ್ತದೆ. ದಾರಿ ಹೋದ ನೆಲ ಉತಾರದಲ್ಲಿ ಅವನ ಹೆಸರಿನಲ್ಲಿಯೇ ಇರುತ್ತದೆ. ಬೆಳೆ ಮಾತ್ರ ಬರುವುದಿಲ್ಲ. ಕಾಯಿದೆ ಇದನ್ನು ಕಾಣದೆ ಇಲ್ಲ. ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರಿಲ್ಲವೆಂದು 28ನೆಯ ಕಲಮು ಹೇಳುತ್ತದೆ. ಕಾಲುದಾರಿಯ ಹಕ್ಕುಳ್ಳವನು ಅದರ ಬಲದಿಂದ ಗಾಡಿ ಹೊಡೆಯಲಾರ. ಹೊಲದವನಿಗೆ ಆದಷ್ಟು ಕಡಿಮೆ ಹೊರೆಯಾಗುವಂತೆ ನಡೆಯಬೇಕು, ಅವನು ಕೇಳಿದರೆ ನಿಗದಿತ ಗೆರೆಯಲ್ಲಿಯೇ ನಡೆಯಬೇಕು ಎಂಬುದು 22ನೆಯ ಕಲಮಿನ ಆಶಯ. ಅಗತ್ಯದ ದಾರಿ ಎಲ್ಲಿ ಹಾಯಬೇಕೆಂದು ತೋರಿಸುವ ಅಧಿಕಾರ, ಅದು ಸಾಕಷ್ಟು ಅನುಕೂಲವಾಗಿರಬೇಕೆಂಬ ಕಟ್ಟಿನೊಡನೆ, 14ನೆಯ ಕಲಮಿನಂತೆ ಹೊಲದೊಡೆಯನದೇ. ಆದರೆ ಈ ಕಲಮುಗಳು ಊರಿನ ಜಗಲಿಯ ಮಾತಿನೊಳಗೆ ಬರುವುದು ಅಪರೂಪ. ಅಲ್ಲಿ ಕೇಳುವುದು 'ದಾರಿ ಇದೆ', 'ದಾರಿ ಇಲ್ಲ' ಎಂಬ ಎರಡೇ ಮಾತು.

ಇನ್ನೊಂದು ಮಗ್ಗುಲೂ ಅಷ್ಟೇ ಸತ್ಯ. ಒಳಗಿನ ಹೊಲದವನಿಗೆ ದಾರಿಯಿಲ್ಲವೆಂದರೆ ಬಿತ್ತನೆಯಿಲ್ಲ. ಬೆಳೆದದ್ದು ಮನೆಗೆ ಬಾರದು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಒಬ್ಬ ಜಮೀನುದಾರನ ಕೈಯಲ್ಲಿ ನೆಲವಿದ್ದಾಗ ಅವನ ಗೇಣಿದಾರರು ಒಬ್ಬರ ಹೊಲದಲ್ಲಿ ಒಬ್ಬರು ನಡೆಯುವುದು ಪ್ರಶ್ನೆಯಾಗಿರಲಿಲ್ಲ. ಅವರೆಲ್ಲ ಬೇರೆ ಬೇರೆ ಒಡೆಯರಾದಾಗ ಅದೇ ನಡೆಗೆ ಪ್ರಶ್ನೆಯಾಯಿತು. ಬಳಿಕ ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲ ಹಿಸ್ಸೆ ಹಿಸ್ಸೆಯಾಯಿತು. ವಾಟಣಿಪತ್ರದಲ್ಲಿ ಎಕರೆ, ಗುಂಟೆಗಳನ್ನು ಸರಿಯಾಗಿ ಬರೆದವರು ಹಿಂದಿನ ಪಾಲಿಗೆ ಹೋಗುವ ದಾರಿಯನ್ನು ಬರೆಯಲು ಮರೆತರು. ಅಣ್ಣತಮ್ಮಂದಿರು ಮಾತಾಡುತ್ತಿರುವವರೆಗೆ ಅದು ಬೇಕೆನಿಸಲಿಲ್ಲ. ಬೇಕಾದಾಗ ಅವರು ಮಾತಾಡುತ್ತಿರಲಿಲ್ಲ.

ಶೀಘ್ರವಾದ ಪರಿಹಾರವನ್ನು ಹಿಂದಿನವರು ಯೋಚಿಸಿದ್ದರು. 1906ರ ಮಾಮಲೇದಾರರ ನ್ಯಾಯಾಲಯಗಳ ಕಾಯಿದೆಯು ಹೊಲಕ್ಕೆ ಹೋಗುವ ರೂಢಿಯ ದಾರಿಗೆ ಅಡ್ಡಿ ಬಂದರೆ ಆರು ತಿಂಗಳೊಳಗೆ ಮಾಮಲೇದಾರನಲ್ಲಿ ದಾವೆ ಹೂಡಲು ಅವಕಾಶ ಕೊಟ್ಟಿತು. ಸ್ಥಳವನ್ನು ಬಲ್ಲ ಅಧಿಕಾರಿ ಬಿತ್ತನೆಯ ಹದ ಮೀರುವ ಮುನ್ನ ತೀರ್ಪು ಕೊಡಲೆಂಬುದು ಅದರ ಉದ್ದೇಶ. ದಂಡ ಪ್ರಕ್ರಿಯಾ ಸಂಹಿತೆಯ 147ನೆಯ ಕಲಮು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೆಯ ಕಲಮು, ನೆಲ ನೀರುಗಳ ಬಳಕೆಯ ಹಕ್ಕಿನ ಬಗ್ಗೆ ಶಾಂತಿಭಂಗದ ಸಂಭವವಿದ್ದಾಗ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ವಿಚಾರಣೆಯ ಅಧಿಕಾರ ನೀಡುತ್ತದೆ. ವರ್ಷವಿಡೀ ಬಳಸುವ ಹಕ್ಕಾದರೆ ಕಳೆದ ಮೂರು ತಿಂಗಳಲ್ಲಿ, ಋತುವಿನ ಹಕ್ಕಾದರೆ ಕಳೆದ ಋತುವಿನಲ್ಲಿ ಅದನ್ನು ಬಳಸಿರಬೇಕೆಂದು ಅದು ಕೇಳುತ್ತದೆ. ಸುಗ್ಗಿಯ ಬಳಿಕ ಮಾತ್ರ ದನ, ಗಾಡಿಗಳು ಬಯಲಾದ ಗದ್ದೆಯಲ್ಲಿ ಹಾಯುವ ಊರುಗಳನ್ನು ನೆನೆದರೆ ಈ ವಿಂಗಡಣೆಯ ವಿವೇಕ ತಿಳಿಯುತ್ತದೆ. ಋತುವಿನ ದಾರಿ ಒಡೆಯನ ಬೆಳೆಯನ್ನೂ ನಡೆಯುವವನ ಅಗತ್ಯವನ್ನೂ ಒಟ್ಟಿಗೆ ಕಾಯುತ್ತದೆ. ಕರ್ನಾಟಕದ ಕಂದಾಯ ಇಲಾಖೆಯೂ 2023ರಲ್ಲಿ ಸುತ್ತೋಲೆ ಹೊರಡಿಸಿ, ಹೊಲದ ದಾರಿಯ ಅಡ್ಡಿಗಳನ್ನು ನೋಡಿಕೊಳ್ಳುವಂತೆ ತಹಶೀಲ್ದಾರರಿಗೆ ಸೂಚಿಸಿದೆ. 1964ರ ಭೂಕಂದಾಯ ಕಾಯಿದೆಯ 67ನೆಯ ಕಲಮಿನಂತೆ ಸಾರ್ವಜನಿಕ ದಾರಿಗಳು ಸರಕಾರದ ಸ್ವತ್ತು; ದಾರಿ, ಹಳ್ಳಗಳಿಗೆ ಹೋದ ನೆಲ ದಾಖಲೆಯಲ್ಲಿ 'ಬ' ಖರಾಬ. ನಕಾಶೆಯಲ್ಲಿ ಕಂಡ ದಾರಿಗೆ ಈ ಬಲವಿದೆ. ಕಾಣದ ದಾರಿಗೆ ಮತ್ತೆ ಸಾಕ್ಷಿಯೇ ಗತಿ.

ಹೊರನಾಡುಗಳ ಅನುಭವ ಇಲ್ಲಿ ಬೆಳಕು ನೀಡುತ್ತದೆ. ಇಂಗ್ಲೆಂಡಿನಲ್ಲಿ 1949ರ ಕಾಯಿದೆಯಿಂದ ಸಾರ್ವಜನಿಕ ಕಾಲುದಾರಿಗಳ ಅಧಿಕೃತ ನಕಾಶೆಗಳು ಸಿದ್ಧವಾಗತೊಡಗಿದವು. ಅಲ್ಲಿನ 1980ರ ಹೆದ್ದಾರಿ ಕಾಯಿದೆಯಂತೆ, ಜನರನ್ನು ನಡೆಯಬಿಟ್ಟರೂ ದಾರಿಯನ್ನು ಸಾರ್ವಜನಿಕಕ್ಕೆ ಸಮರ್ಪಿಸುವ ಉದ್ದೇಶ ತನಗಿಲ್ಲವೆಂದು ಒಡೆಯನು ನಕಾಶೆಯೊಡನೆ ಬರೆದು ಸ್ಥಳೀಯ ಆಡಳಿತಕ್ಕೆ ಒಪ್ಪಿಸಬಹುದು. ಸ್ಕಾಟ್ಲೆಂಡಿನ 2003ರ ಕಾಯಿದೆ ಎಲ್ಲರಿಗೂ ಹೊಣೆಯರಿತು ನಡೆಯುವ ಹಕ್ಕನ್ನು ಕೊಟ್ಟಿದೆ, ಆದರೆ ಬೆಳೆ ನಿಂತ ಹೊಲವನ್ನು ಹೊರಗಿಟ್ಟಿದೆ. ಬರಹದಲ್ಲಿರುವ ದಯೆ ಒಡೆಯನಿಗೆ ಅಪಾಯವಾಗದು ಎಂಬುದು ಇವುಗಳ ಸಾರ.

ಅಂಥ ಬರಹಕ್ಕೆ ನಮ್ಮ ಕಾಯಿದೆಯಲ್ಲಿಯೂ ಎಡೆಯಿದೆ. 1882ರ ಕಾಯಿದೆಯ 52ನೆಯ ಕಲಮಿನಲ್ಲಿ ಹೇಳಿದ ಪರವಾನಗಿ ಹಕ್ಕಲ್ಲ, ಅನುಮತಿ. ಸಾಮಾನ್ಯವಾಗಿ ಅದನ್ನು ಹಿಂತೆಗೆದುಕೊಳ್ಳಬಹುದು. 'ಸುಗ್ಗಿಯ ಬಳಿಕ, ಪೂರ್ವದ ಬದುವಿನ ಮೇಲೆ, ಕಾಲ್ನಡೆಗೆ ಮಾತ್ರ' ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಪಂಚರ ಸಾಕ್ಷಿ ಹಾಕಿಸಿದರೆ ಒಡೆಯನು ಬೇಲಿಗೆ ಕೈ ಹಾಕಬೇಕಾಗದು. ವಾಟಣಿಪತ್ರದಲ್ಲಿ ದಾರಿಗೆ ಒಂದು ಸಾಲು ಮೀಸಲಿಟ್ಟರೆ ಒಳಹೊಲದವನು ಮುಂದೆ ಕಚೇರಿಯ ಮೆಟ್ಟಿಲು ಹತ್ತಬೇಕಾಗದು. ಹಲಸಿಯ ಪಟಗಳನ್ನು ಬರೆಯಿಸಿದವರು ಕೊಡುವ ನೆಲ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಲೋಹದ ಮೇಲೆ ಕೆತ್ತಿಸಿದರು. ಅವರು ಕಂಡ ನದಿ, ಸಂಗಮಗಳ ಹೆಸರು ಇಂದಿಗೂ ಓದಲು ಸಿಗುತ್ತದೆ. ಅದೇ ಸೀಮೆಯ ರೈತನು ತನ್ನ ಹೊಲದ ಬಟ್ಟೆಯನ್ನು ಬರೆಯಿಸಲು ತಾಮ್ರ ಬೇಕಿಲ್ಲ. ಬಲ್ಲ ಹಿರಿಯರು ಇರುವಾಗಲೇ, ನೆರೆಯವನೊಡನೆ ಮಾತು ಉಳಿದಿರುವಾಗಲೇ, ಒಂದು ಹಾಳೆ ಸಾಕು.