ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯವೂ ಕೋಡಿಯ ಮಠವೂ

ಬನವಾಸಿ ಪನ್ನಿರ್ಚ್ಛಾಸಿರವೆಂದು ಪೂರ್ವದಲ್ಲಿ ಪ್ರಖ್ಯಾತವಾಗಿದ್ದ ನಾಡಿಗೆ ರಾಜಧಾನಿಯಾಗಿ ಮೆರೆದ ಬಳ್ಳಿಗಾವೆಯು ಈಗ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿ, ಶಿರಾಳಕೊಪ್ಪಕ್ಕೆ ಸಮೀಪದಲ್ಲಿರುವ ಒಂದು ಗ್ರಾಮವು. ಅಲ್ಲಮಪ್ರಭುದೇವರ ಜನ್ಮಭೂಮಿಯೆಂದು ಶಿವಭಕ್ತರು ಈ ಊರನ್ನು ಸ್ಮರಿಸುವರು. ಮಹಾದೇವಿಯಕ್ಕನ ಉಡುತಡಿಯೂ ಇದೇ ತಾಲೂಕಿನಲ್ಲಿಯೇ ಇರುವುದು. ಆದರೆ ಪ್ರಭುದೇವರ ಹೆಸರಿನಿಂದ ಊರನ್ನು ಬಲ್ಲವರಲ್ಲಿ ಅಲ್ಲಿಯ ಕೇದಾರೇಶ್ವರ ದೇವಾಲಯದ ಪೂರ್ವೋತ್ತರವನ್ನು ಅರಿತವರು ವಿರಳ.

ಈ ದೇವಾಲಯವು ಹನ್ನೊಂದನೆಯ ಶತಮಾನದ್ದು. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪವು. ಬಳಪದ ಕಲ್ಲಿನಿಂದ ಕಟ್ಟಿದ ತ್ರಿಕೂಟವಾಗಿದ್ದು, ಪಶ್ಚಿಮದ ಮತ್ತು ದಕ್ಷಿಣದ ಗರ್ಭಗೃಹಗಳಲ್ಲಿ ಲಿಂಗಗಳೂ ಉತ್ತರದ ಗರ್ಭಗೃಹದಲ್ಲಿ ವಿಷ್ಣುಮೂರ್ತಿಯೂ ಇವೆ. ಶುಕನಾಸಿಯ ಮೇಲೆ ಹುಲಿಯೊಡನೆ ಹೋರಾಡುವ ಸಳನ ಪ್ರತಿಮೆಯನ್ನು ಕಂಡು ಇದು ಹೊಯ್ಸಳರ ಗುಡಿಯೆಂದು ಭ್ರಮಿಸುವವರುಂಟು. ಚಾಮುಂಡರಾಯರಸನು ಕ್ರಿ.ಶ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ, ತ್ರಿಪುರಾಂತಕೇಶ್ವರ ದೇವಾಲಯ ಮೊದಲಾದವು ಊರಿನಲ್ಲಿ ಇನ್ನೂ ನೋಡತಕ್ಕವಾಗಿವೆ. ಹರಿ, ಹರ, ಕಮಲಾಸನ, ವೀತರಾಗ, ಬೌದ್ಧ ಎಂಬ ಐದು ಮಠಗಳು ಇಲ್ಲಿದ್ದವೆಂದು ಶಾಸನವು ಸಾರುವುದು. ಒಂದೇ ಊರಿನಲ್ಲಿ ಐದು ಮತಗಳಿಗೂ ನೆಲೆಯಿದ್ದುದು ಆ ಕಾಲದ ಅರಸರಿಗೂ ಪ್ರಜೆಗಳಿಗೂ ಭೂಷಣವೇ ಸರಿ.

ದೇವಾಲಯಕ್ಕೆ ಸೇರಿದ್ದ ಮಠಕ್ಕೆ ಕೋಡಿಯ ಮಠವೆಂದು ಹೆಸರು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಈ ಹೆಸರು ಬಂದಿತು. ಅಲ್ಲಿಯ ಆಚಾರ್ಯರು ಕಾಳಾಮುಖ ಶೈವರು. ಶಕ್ತಿಪರ್ಷೆಯ ಮೂವರಕೋಣೆಯ ಸಂತತಿಗೆ ಸೇರಿದವರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ ಎಂದು ಗುರುಪರಂಪರೆಯು ಶಾಸನಗಳಲ್ಲಿ ಬಂದಿದೆ. ಮೂರನೆಯ ಸೋಮೇಶ್ವರ ಚಕ್ರವರ್ತಿಯ (ಕ್ರಿ.ಶ. 1126–1138) ಕಾಲದಲ್ಲಿ ವಿದ್ಯಾಭರಣರೆಂಬ ಆಚಾರ್ಯರು ಪೀಠದಲ್ಲಿದ್ದರು. ಮಠದ ಆಡಳಿತವು ವಿದ್ಯೆಯ ಸುಖಕ್ಕೂ ಯೋಗದ ಸುಖಕ್ಕೂ ಅಡ್ಡಬರುವುದೆಂದು ಬಗೆದು, ಅವರು ಅಧಿಕಾರವನ್ನು ಶಿಷ್ಯರಾದ ಗೌತಮರಿಗೆ ಒಪ್ಪಿಸಿಬಿಟ್ಟರಂತೆ. ಅರಸರ ಮನ್ನಣೆಯು ಮಠಕ್ಕೆ ತುಂಬಿಬರುತ್ತಿದ್ದ ದಿನಗಳಲ್ಲಿ ನಡೆದ ಸಂಗತಿಯಿದು. ಪೀಠವನ್ನು ಬಯಸಿದವರ ಕಥೆಗಳು ಎಲ್ಲಿಯೂ ಹೇರಳ. ಪುಸ್ತಕಕ್ಕಾಗಿ ಪೀಠವನ್ನು ಬಿಟ್ಟವರ ಕಥೆಯು ಕಲ್ಲಿನ ಮೇಲೆ ಉಳಿದುದು ಅಪೂರ್ವ.

ಎಲ್ಲಕ್ಕಿಂತಲೂ ಅಮೂಲ್ಯವಾದುದು ಕ್ರಿ.ಶ. 1162ರ ಶಾಸನ. ಕಳಚೂರ್ಯ ಬಿಜ್ಜಳನು ಬಳ್ಳಿಗಾವೆಗೆ ಬಂದು ಬೀಡುಬಿಟ್ಟಿದ್ದಾಗ, ಬನವಾಸಿ ನಾಡನ್ನಾಳುತ್ತಿದ್ದ ಕಸಪಯ್ಯನಾಯಕನು ದಕ್ಷಿಣಕೇದಾರವೆನಿಸಿದ ಈ ಕ್ಷೇತ್ರದ ಮಹಿಮೆಯನ್ನು ಅರಿಕೆ ಮಾಡಿದನು. ಅರಸನು ದತ್ತಿಯನ್ನು ಬಿಟ್ಟನು. ಆಗ ಮಠಾಧಿಪತಿಗಳಾಗಿದ್ದವರು ವಾಮಶಕ್ತಿಗಳು. ಅಲ್ಲಿ ನಾಲ್ಕು ವೇದಗಳೂ ಅವುಗಳ ಅಂಗಗಳೂ, ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳೂ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಡನೆ ಬೌದ್ಧದರ್ಶನವೂ, ಲಾಕುಲ ಸಿದ್ಧಾಂತವೂ, ಪಾತಂಜಲ ಯೋಗವೂ, ಹದಿನೆಂಟು ಪುರಾಣಗಳೂ, ಕಾವ್ಯನಾಟಕಗಳೂ ವ್ಯಾಖ್ಯಾನಗೊಳ್ಳುತ್ತಿದ್ದವು. ಶೈವಮಠದಲ್ಲಿ ಬೌದ್ಧಶಾಸ್ತ್ರದ ಪಾಠ ನಡೆಯುತ್ತಿದ್ದುದನ್ನು ಗಮನಿಸಬೇಕು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆಲ್ಲ ಅಲ್ಲಿ ಅನ್ನವುಂಟು. ಕಥೆ ಹೇಳುವವರು, ಹಾಡುವವರು, ಕೊಳಲೂದುವವರು, ಕುಣಿಯುವವರು ಬಂದರೂ ಅನ್ನವುಂಟು. ಕ್ಷಪಣಕರಿಗೂ, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರೆಂಬ ಬೇರೆ ಬೇರೆ ಪಂಥದ ಭಿಕ್ಷುಗಳಿಗೂ ತಡೆಯಿಲ್ಲ. ನಾನಾ ರೋಗಿಗಳಿಗೆ ಔಷಧ. ಭಯಗೊಂಡು ಬಂದವರಿಗೆ ಅಭಯ. ಶಾಸನಕವಿಯು ದಾನಿಯನ್ನು ಹೊಗಳುವಾಗ ಮಾತನ್ನು ಹಿಗ್ಗಿಸುವುದು ವಾಡಿಕೆಯಾದರೂ, ಇಷ್ಟು ವಿವರವಾಗಿ ಎಣಿಸಿ ಹೇಳಿದುದನ್ನು ಬರಿಯ ಅಲಂಕಾರವೆಂದು ತಳ್ಳಿಬಿಡುವುದು ನ್ಯಾಯವಲ್ಲ.

ಇಲ್ಲಿ ಒಂದು ಶಂಕೆಯು ಏಳುವುದು ಸಹಜ. ಸ್ಥಾವರಪೂಜೆಯನ್ನು ಬಿಟ್ಟು ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದ ಶರಣರ ಸಂತತಿಗೆ ಈ ಗುಡಿಯ ಗೊಡವೆ ಏಕೆ? ಕಾಳಾಮುಖ ಮಠಗಳು ಮುಂದೆ ವೀರಶೈವ ಮಠಗಳಾದವೆಂದು ಕೆಲವು ವಿದ್ವಾಂಸರೂ, ಶರಣರ ಮಾರ್ಗವು ಸ್ವತಂತ್ರವೆಂದು ಬೇರೆ ವಿದ್ವಾಂಸರೂ ಸಾಧಿಸುವರು. ಆ ವಾದವು ಒತ್ತಟ್ಟಿಗಿರಲಿ. ಕಾಲವನ್ನು ನೋಡಿದರೆ, ಕೋಡಿಯ ಮಠಕ್ಕೆ ದತ್ತಿ ಬಿಟ್ಟ ಬಿಜ್ಜಳನ ಕಲ್ಯಾಣದಲ್ಲಿಯೇ ಬಸವಣ್ಣನವರ ದಾಸೋಹವು ನಡೆಯಿತು. ಎರಡೆಡೆಯಲ್ಲಿಯೂ ಹಸಿದವನಿಗೆ ಅನ್ನ ದೊರೆಯಿತು. ಆದರೆ ಒಂದು ಕಡೆ ಅನ್ನವು ಅರಸನು ಬಿಟ್ಟ ಭೂಮಿಯಿಂದ ಬಂದುದು. ಇನ್ನೊಂದು ಕಡೆ ಭಕ್ತನ ಕಾಯಕದಿಂದ ಬಂದುದು. ಇವುಗಳ ಅಂತರವನ್ನು ಮರೆಸಿ ಎರಡನ್ನೂ ಒಂದೇ ಎನ್ನುವುದು ಸತ್ಯಕ್ಕೆ ದೂರವಾಗುವುದು. ಅಂತರವೊಂದನ್ನೇ ಹಿಡಿದು ಕೋಡಿಯ ಮಠದ ಔದಾರ್ಯವನ್ನು ಅಲ್ಲಗಳೆಯುವುದು ಕೃತಘ್ನತೆಯಾಗುವುದು. ಪ್ರಭುದೇವರು ಗುರುವನ್ನು ಕಂಡುದಾದರೂ ಎಲ್ಲಿ? ನೆಲದಲ್ಲಿ ಹೂತುಹೋಗಿದ್ದ ಗುಡಿಯೊಂದರ ಕಳಸವು ಕಾಲಿಗೆ ತೋರಲು, ಅದನ್ನು ಅಗೆಯಿಸಿ ಒಳಹೊಕ್ಕು, ಕರದಲ್ಲಿ ಲಿಂಗವನ್ನು ಹಿಡಿದು ಕುಳಿತಿದ್ದ ಅನಿಮಿಷಯ್ಯನನ್ನು ಕಂಡರೆಂದು ಹರಿಹರನು ಪ್ರಭುದೇವರ ರಗಳೆಯಲ್ಲಿ ಹೇಳಿರುವನು.

ಚಾಲುಕ್ಯರು, ಕಳಚೂರ್ಯರು, ಹೊಯ್ಸಳರು ಒಬ್ಬರ ಹಿಂದೊಬ್ಬರು ಅಳಿದಂತೆ ಪಟ್ಟಣವು ಹಳ್ಳಿಯಾಯಿತು. ದತ್ತಿಗಳು ನಿಂತವು, ಗುರುಪರಂಪರೆಯೂ ನಿಂತಿತು. ಬಿ. ಎಲ್. ರೈಸ್ ಸಾಹೇಬರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಇಲ್ಲಿಯ ಶಾಸನಗಳನ್ನು ಅಚ್ಚುಮಾಡಿಸಿದ ಮೇಲೆ ಕೋಡಿಯ ಮಠದ ಹೆಸರು ಮತ್ತೆ ವಿದ್ವಾಂಸರ ನಾಲಗೆಯ ಮೇಲೆ ಬಂದಿತು. ದೇವಾಲಯವು ಈಗ ಭಾರತ ಸರಕಾರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕೇದಾರೇಶ್ವರನ ದರ್ಶನಕ್ಕೆ ಹೋಗುವ ಸದ್ಭಕ್ತರು ಗರ್ಭಗೃಹದಿಂದಲೇ ಹಿಂದಿರುಗದೆ, ಆವರಣದಲ್ಲಿ ನಿಂತಿರುವ ಶಾಸನಶಿಲೆಗಳ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು. ಕುರುಡರಿಗೂ ಕುಂಟರಿಗೂ ಅನ್ನವಿಕ್ಕಿದ ಮಾತು ಬರೆದಿರುವುದು ಅಂಥ ಶಿಲೆಯ ಮೇಲೆ.