ನೀತಿವಾಕ್ಯಾಮೃತದಲ್ಲಿ ದಂಡ ಮತ್ತು ಕೋಶ: ಕೌಟಿಲೀಯದೊಡನೆ ಒಂದು ತುಲನೆ

ಸೋಮದೇವಸೂರಿಗಳ ನೀತಿವಾಕ್ಯಾಮೃತವನ್ನು ಮೊದಲ ಸಲ ಕೈಗೆತ್ತಿಕೊಳ್ಳುವ ಶ್ರಾವಕನಿಗೆ ಗ್ರಂಥಾರಂಭದಲ್ಲಿಯೇ ಒಂದು ಸಂದೇಹವುಂಟಾಗುವುದು ಸಹಜ. ಮಂಗಳಶ್ಲೋಕವನ್ನು ದಾಟಿದೊಡನೆ ಗ್ರಂಥಕಾರರು ನಮಸ್ಕರಿಸುವುದು ರಾಜ್ಯಕ್ಕೆ. ಧರ್ಮಾರ್ಥಕಾಮಗಳೆಂಬ ಫಲವನ್ನು ಕೊಡುವಂಥದೆಂದು ಅದನ್ನು ವಿಶೇಷಿಸಿ ನಮಸ್ಕರಿಸಿದ್ದಾರೆ. ಮೋಕ್ಷದ ಹೆಸರು ಅಲ್ಲಿಲ್ಲ. ಸಕಲ ಪರಿಗ್ರಹವನ್ನೂ ತ್ಯಜಿಸಿದ ದಿಗಂಬರ ಯತಿಗಳು, ದಂಡವನ್ನೂ ಕೋಶವನ್ನೂ ಆಧರಿಸಿ ನಿಂತ ರಾಜ್ಯಕ್ಕೆ ತಲೆಬಾಗಿದುದೇಕೆ? ಈ ಪ್ರಶ್ನೆಯನ್ನು ಬದಿಗೊತ್ತಿ ಗ್ರಂಥವನ್ನು ಕೌಟಿಲ್ಯನ ಅರ್ಥಶಾಸ್ತ್ರದ ಸಂಗ್ರಹವೆಂದಷ್ಟೇ ಹೇಳಿ ಮುಗಿಸುವ ರೂಢಿಯುಂಟು. ಅದು ಅರ್ಧಸತ್ಯ.

ಸೋಮದೇವಸೂರಿಗಳ ಕಾಲದೇಶಗಳ ವಿಷಯದಲ್ಲಿ ಹೆಚ್ಚಿನ ವಿವಾದಕ್ಕೆ ಅವಕಾಶವಿಲ್ಲ. ಯಶಸ್ತಿಲಕಚಂಪುವಿನ ಪ್ರಶಸ್ತಿಯಂತೆ ಆ ಕಾವ್ಯವು ಶಕ 881ರಲ್ಲಿ, ಅಂದರೆ ಕ್ರಿ.ಶ. 959ರಲ್ಲಿ, ಗಂಗಧಾರೆಯೆಂಬಲ್ಲಿ ಸಮಾಪ್ತವಾಯಿತು. ಆಗ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ದಕ್ಷಿಣ ದಿಗ್ವಿಜಯವನ್ನು ಮುಗಿಸಿ ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದನು. ಆಶ್ರಯವಿತ್ತವನು ಅವನ ಸಾಮಂತನಾದ ಚಾಲುಕ್ಯ ಅರಿಕೇಸರಿಯ ಮಗ ವದ್ಯಗ ಅಥವಾ ಬದ್ದೆಗ. ಆದಿಕವಿ ಪಂಪನನ್ನು ಪೋಷಿಸಿದ ವೇಮುಲವಾಡದ ಮನೆತನವೇ ಇದೆಂಬುದು ಕನ್ನಡಿಗರಿಗೆ ಹೇಳಬೇಕಾದ ಮಾತಲ್ಲ. ಮೂರನೆಯ ಅರಿಕೇಸರಿಯು ಶಕ 888ರಲ್ಲಿ (ಕ್ರಿ.ಶ. 966) ಹೊರಡಿಸಿದ ಪರಭಣಿ ತಾಮ್ರಶಾಸನವು, ಲೆಂಬುಳಪಾಟಕದಲ್ಲಿ ಬದ್ದೆಗನು ಕಟ್ಟಿಸಿದ ಶುಭಧಾಮ ಜಿನಾಲಯಕ್ಕಾಗಿ ಸೋಮದೇವಸೂರಿಗಳಿಗೆ ಒಂದು ಗ್ರಾಮವನ್ನು ದತ್ತಿಯಿತ್ತುದನ್ನು ದಾಖಲಿಸುತ್ತದೆ. ಅದಾದ ಆರೇ ವರ್ಷಗಳಲ್ಲಿ, 972ರಲ್ಲಿ, ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷ ತೈಲಪನ ಕೈಗೆ ರಾಜ್ಯವು ಹೋಯಿತು. ಅಧಿಕಾರವು ಅತ್ಯುನ್ನತಿಗೇರಿದುದನ್ನು ಒಬ್ಬ ಸಾಮಂತನ ಆಸ್ಥಾನದ ಅಂಚಿನಿಂದ ಕಂಡವರ ಕೃತಿ ಇದು.

ನೀತಿವಾಕ್ಯಾಮೃತದ ಪುಷ್ಪಿಕೆಯಲ್ಲಿ ಯಶೋಧರಚರಿತದ ಉಲ್ಲೇಖವಿರುವುದರಿಂದ ಇದು ಯಶಸ್ತಿಲಕಕ್ಕಿಂತ ಈಚಿನದೆಂದು ತಿಳಿಯುತ್ತದೆ. ಪೂರ್ವಾಚಾರ್ಯರ ಅರ್ಥಶಾಸ್ತ್ರವು ದುರವಬೋಧವೆಂದು ಬೇಸತ್ತ ಕನ್ಯಾಕುಬ್ಜದ ಮಹೇಂದ್ರಪಾಲನ ಪ್ರೇರಣೆಯಿಂದ ಗ್ರಂಥವು ಹುಟ್ಟಿತೆಂದು ಅಜ್ಞಾತನಾಮಕ ಸಂಸ್ಕೃತ ಟೀಕಾಕಾರನು ಹೇಳುತ್ತಾನೆ. ಮೇಲಿನ ಶಾಸನಾಧಾರಗಳ ಮುಂದೆ ಈ ಐತಿಹ್ಯಕ್ಕೆ ಬಲ ಸಾಲದು.

ತುಲನೆಗೆ ಬೇಕಾದ ಕೌಟಿಲೀಯವು ವಿದ್ವಲ್ಲೋಕಕ್ಕೆ ದೊರೆತುದು ಇತ್ತೀಚೆಗೆ. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಒಪ್ಪಿಸಿದ ಓಲೆಪ್ರತಿಯನ್ನು ಆಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಪ್ರಕಟಿಸಿದರು. ಜೈನರು ನೆನೆಯಬೇಕಾದ ಇನ್ನೊಂದು ಸಂಗತಿಯುಂಟು. ಅದೇ ಅರ್ಥಶಾಸ್ತ್ರದ ಒಂದು ಭಾಗವು ಯೋಗ್ಘಮನ ನೀತಿನಿರ್ಣೀತಿಯೆಂಬ ಟೀಕೆಯ ಅಂಶದೊಡನೆ ಪಾಟಣದ ಜೈನಭಂಡಾರದ ತಾಡಪತ್ರದಲ್ಲಿ ಉಳಿದುಬಂದಿತ್ತು. ಮುನಿ ಜಿನವಿಜಯರು ಅದನ್ನು ಸಿಂಘೀ ಜೈನ ಗ್ರಂಥಮಾಲೆಯಲ್ಲಿ 1959ರಲ್ಲಿ ಬೆಳಕಿಗೆ ತಂದರು. ಶ್ರಮಣರ ಬಗೆಗೆ ಆದರವಿಲ್ಲದ ಗ್ರಂಥವೊಂದನ್ನು ಶ್ರಮಣರ ಭಂಡಾರವು ಕಾಪಾಡಿತು. ವಾನಪ್ರಸ್ಥನನ್ನುಳಿದು ಬೇರೆ ಪ್ರವ್ರಜಿತರು ಹೊಸ ಜನಪದದಲ್ಲಿ ನೆಲೆಸಬಾರದೆಂದು ವಿಧಿಸಿದವನು ಕೌಟಿಲ್ಯನೇ.

ಸೋಮದೇವಸೂರಿಗಳು ಚಾಣಕ್ಯನನ್ನು ಬಲ್ಲವರು; ಅವನು ನಂದನನ್ನು ಕೊಲ್ಲಿಸಿದ ವೃತ್ತಾಂತವನ್ನು ದೂತಸಮುದ್ದೇಶದಲ್ಲಿ ಸ್ಮರಿಸಿದ್ದಾರೆ. ಅವರ ಗ್ರಂಥದ 32 ಸಮುದ್ದೇಶಗಳಲ್ಲಿ ವಿದ್ಯೆಗಳ ವಿಭಾಗ, ಸಪ್ತಾಂಗಗಳು, ಷಾಡ್ಗುಣ್ಯ, ಗೂಢಚಾರರು, ಎಲ್ಲವೂ ಪರಿಚಿತವೇ. ತಾಪಸವೇಷದ ಚಾರನನ್ನು ಸಹ ಅವರು ಬಿಟ್ಟಿಲ್ಲ. ಆನ್ವೀಕ್ಷಿಕಿಯಲ್ಲಿ ಸಾಂಖ್ಯ, ಯೋಗ, ಲೋಕಾಯತಗಳನ್ನೇ ಎಣಿಸಿ ಅರ್ಹನ್ಮತವನ್ನು ಹೊರಗಿಟ್ಟಿರುವುದು ಓದುಗರನ್ನು ಇನ್ನಷ್ಟು ಬೆರಗುಗೊಳಿಸುತ್ತದೆ.

ಆದರೆ ದಂಡನೀತಿಸಮುದ್ದೇಶಕ್ಕೆ ಬಂದಾಗ ಸ್ವರವು ಬೇರೆಯಾಗುತ್ತದೆ. ತೀಕ್ಷ್ಣದಂಡನು ಪ್ರಜೆಗಳಿಗೆ ಉದ್ವೇಗವನ್ನುಂಟುಮಾಡುತ್ತಾನೆ, ಮೃದುದಂಡನು ಅವಜ್ಞೆಗೆ ಪಾತ್ರನಾಗುತ್ತಾನೆ, ದಂಡವೇ ಇಲ್ಲದಿದ್ದರೆ ಮತ್ಸ್ಯನ್ಯಾಯ ಎಂಬಲ್ಲಿಗೆ ಕೌಟಿಲ್ಯನ ತರ್ಕವು ನಿಲ್ಲುತ್ತದೆ. ಅಲ್ಲಿ ದಂಡದ ಅಳತೆಯನ್ನು ನಿಶ್ಚಯಿಸುವುದು ಅದರ ಪರಿಣಾಮ. ಸೋಮದೇವಸೂರಿಗಳು ಮತ್ಸ್ಯನ್ಯಾಯವನ್ನು ಒಪ್ಪುತ್ತಾರೆ. ಆದರೆ ದಂಡವನ್ನು ಅವರು ವೈದ್ಯಶಾಸ್ತ್ರಕ್ಕೆ ಹೋಲಿಸಿ ದೋಷಶುದ್ಧಿಯೇ ಅದರ ಪ್ರಯೋಜನವೆಂದು ನಿರ್ಣಯಿಸಿದ್ದಾರೆ. ರಾಜನು ದಂಡಿಸುವುದು ಪ್ರಜಾಪಾಲನೆಗಾಗಿ, ಧನಕ್ಕಾಗಿಯಲ್ಲ. ಸ್ವಂತ ಜೀವನೋಪಾಯಕ್ಕಾಗಿ ಜನರಲ್ಲಿ ದೋಷವನ್ನು ಹುಡುಕುವವನು ರಾಜನೂ ಅಲ್ಲ, ವೈದ್ಯನೂ ಅಲ್ಲವೆಂಬ ಭಾವದ ಆಕ್ಷೇಪವನ್ನು ಅವರು ಮುಂದಿಡುತ್ತಾರೆ. ಪ್ರಾಯಶ್ಚಿತ್ತವನ್ನು ದೋಷಶುದ್ಧಿಯೆಂದು ತಿಳಿದ ಯತಿಪರಂಪರೆಗೆ ಈ ಹೋಲಿಕೆಯು ಎಷ್ಟು ಸಹಜವಾದುದೆಂಬುದು ಪಂಡಿತರಿಗೆ ವಿದಿತವೇ. ಇದರ ಮುಂದಿನ ಮಂತ್ರಿಸಮುದ್ದೇಶದಲ್ಲಿಯೂ ಇದೇ ಧೋರಣೆ: ಮಂತ್ರಿಗಳನ್ನು ಮೀರಿ ನಡೆಯುವವನಿಗೆ ರಾಜನೆಂಬ ಹೆಸರೇ ಸಲ್ಲದು. ಶಕ್ತಿಯಿದ್ದ ಮಾತ್ರಕ್ಕೆ ಅಧಿಕಾರವು ಸಿದ್ಧಿಸುವುದಿಲ್ಲ.

ಕಠಿನ ಪರೀಕ್ಷೆಯೆಂದರೆ ಕೋಶದ ಪ್ರಕರಣ. ಬರಿದಾದ ಬೊಕ್ಕಸವನ್ನು ತುಂಬುವ ಉಪಾಯಗಳನ್ನು ಕೌಟಿಲ್ಯನು ಐದನೆಯ ಅಧಿಕರಣದಲ್ಲಿ ಹೇಳುತ್ತಾನೆ. ದೇವಾಲಯಗಳ ಧನವನ್ನು ದೇವತಾಧ್ಯಕ್ಷನು ಒಂದೆಡೆ ಕೂಡಿಸಿ ತರಬೇಕು. ರಾತ್ರಿಯಲ್ಲಿ ದೇವತೆಯನ್ನು ಸ್ಥಾಪಿಸಿ ತಾನಾಗಿ ಉದ್ಭವಿಸಿತೆಂದು ಸಾರಿ ಜಾತ್ರೆಯ ಹುಟ್ಟುವಳಿಯನ್ನು ಪಡೆಯಬೇಕು. ಅನೇಕ ಹೆಡೆಗಳ ನಾಗವನ್ನು ಬಾವಿಯಲ್ಲಿ ತೋರಿಸಿ ಕಾಣಿಕೆಯೆತ್ತಬೇಕು. ಪಾಷಂಡಸಂಘಗಳ ದ್ರವ್ಯವನ್ನೂ ಚರರು ಸಾಗಿಸಬಹುದು. ಇಂಥ ಉಪಾಯಗಳು ದೂಷ್ಯರಲ್ಲಿ ಮತ್ತು ಅಧಾರ್ಮಿಕರಲ್ಲಿ ಮಾತ್ರವೆಂದು ಅವನು ಕೊನೆಗೆ ಎಲ್ಲೆ ಕಟ್ಟಿರುವುದನ್ನು ನ್ಯಾಯಕ್ಕಾಗಿ ಹೇಳಬೇಕು. ಯಾರು ಅಧಾರ್ಮಿಕರೆಂದು ನಿರ್ಣಯಿಸುವವನು ಮಾತ್ರ ಆ ಬೊಕ್ಕಸದ ಒಡೆಯನೇ.

ಸೋಮದೇವಸೂರಿಗಳ ಕೋಶಸಮುದ್ದೇಶವು ಈ ಕಪಟ ದೇವತಾಪ್ರಯೋಗಗಳಲ್ಲಿ ಒಂದನ್ನೂ ಸ್ವೀಕರಿಸಿಲ್ಲ. ಕ್ಷೀಣಕೋಶನಾದ ರಾಜನು ದೇವರು, ದ್ವಿಜರು ಮತ್ತು ವಣಿಜರ ದ್ರವ್ಯದಲ್ಲಿ ಧರ್ಮ, ಯಜ್ಞ, ಪರಿಜನಪೋಷಣೆಗಳಿಗೆ ಉಪಯೋಗವಾಗದೆ ಉಳಿದ ಭಾಗವನ್ನು ಮಾತ್ರ ತೆಗೆದುಕೊಳ್ಳಬಹುದು. ಸಮೃದ್ಧರಾದ ಪೌರಜಾನಪದರಲ್ಲಿ ಪಾಲನ್ನು ಬೇಡಬಹುದು. ಆದರೆ ಅದೇ ಸೂತ್ರದಲ್ಲಿ ಧನಿಕ ವಿಧವೆಯರು, ನಿಯೋಗಿಗಳು, ಗಣಿಕೆಯರು ಮುಂತಾದವರ ಸಾಲಿನಲ್ಲಿ ಪಾಖಂಡಿಗಳ ವೈಭವವನ್ನು ಹಿಂದೆಗೆದುಕೊಳ್ಳುವ ಮಾತೂ ಬರುತ್ತದೆ. ಇದನ್ನು ಮರೆಮಾಚುವುದು ಉಚಿತವಲ್ಲ. ವೈದಿಕರ ಶಾಸ್ತ್ರಗಳಲ್ಲಿ ಪಾಷಂಡ ಶಬ್ದವು ಜೈನರನ್ನೂ ಒಳಗೊಳ್ಳುತ್ತದೆ. ಸಮಂತಭದ್ರರು ಪಾಷಂಡಿಮೂಢತೆಯನ್ನು ನಿರೂಪಿಸುವಲ್ಲಿ ಅದು ಆರಂಭಪರಿಗ್ರಹಗಳಲ್ಲಿ ತೊಡಗಿದ ಮಿಥ್ಯಾಗುರುಗಳಿಗೆ ಅನ್ವಯಿಸುತ್ತದೆ. ಜೈನಾಚಾರ್ಯರ ಲೇಖನಿಯಲ್ಲಿ ಎರಡನೆಯ ಅರ್ಥವೇ ಗ್ರಾಹ್ಯವೆಂದು ತೋರುತ್ತದೆ. ಇನ್ನುಳಿದುದು ಸಮಾಸದಲ್ಲಿ ಗಣಿಕಾ, ಪಾಖಂಡಿ ಶಬ್ದಗಳ ನಡುವೆ ನಿಂತಿರುವ ಸಂಘ ಶಬ್ದ. ಅದನ್ನು ಹಿಂದಿನ ಪದಕ್ಕೆ ಸೇರಿಸಿದರೆ ಗಣಿಕೆಯರ ಸಮೂಹವೆಂದಾಗುತ್ತದೆ. ಬಿಡಿಸಿ ಓದಿದರೆ ಯತಿಗಳ ಸಂಘವೂ ರಾಜನ ಕೈಯಳತೆಗೆ ಬರುತ್ತದೆ. ಕೌಟಿಲ್ಯನಲ್ಲಿ ಪಾಷಂಡ ಮೊದಲು, ಸಂಘ ಅನಂತರ. ಇಲ್ಲಿ ಕ್ರಮವು ವ್ಯತ್ಯಸ್ತವಾಗಿದೆ. ಇದು ಬುದ್ಧಿಪೂರ್ವಕವೆಂದು ಊಹಿಸಲು ಎಡೆಯುಂಟು. ರಾಜದತ್ತಿಯ ಜಿನಾಲಯವೊಂದರ ಹೊಣೆಹೊತ್ತ ಆಚಾರ್ಯರಿಗೆ ಇದು ಕೇವಲ ಶಬ್ದವಿಚಾರವಾಗಿರಲಾರದು.

ಮೊದಲು ಎತ್ತಿದ ಸಂದೇಹಕ್ಕೆ ಪರಿಹಾರವು ಗ್ರಂಥಕಾರರಲ್ಲಿಯೇ ದೊರೆಯುತ್ತದೆ. ಯಶಸ್ತಿಲಕದ ಉಪಾಸಕಾಧ್ಯಯನದಲ್ಲಿ ಅವರು ಗೃಹಸ್ಥಧರ್ಮವನ್ನು ಲೌಕಿಕ, ಪಾರಲೌಕಿಕ ಎಂದು ಎರಡಾಗಿ ವಿಭಾಗಿಸಿದ್ದಾರೆ. ಮೊದಲನೆಯದಕ್ಕೆ ಲೋಕವು ಆಶ್ರಯ, ಎರಡನೆಯದಕ್ಕೆ ಆಗಮ. ಸಮ್ಯಕ್ತ್ವಕ್ಕೆ ಹಾನಿಯೂ ವ್ರತಕ್ಕೆ ದೂಷಣವೂ ಬಾರದಿರುವಲ್ಲಿ ಲೌಕಿಕವಿಧಿಯೆಲ್ಲವೂ ಜೈನರಿಗೆ ಪ್ರಮಾಣ. ರಾಜ್ಯಕ್ಕೆ ಸಂದ ನಮಸ್ಕಾರವು ಈ ಮೊದಲನೆಯ ಕಕ್ಷೆಗೆ ಸೇರಿದ್ದು. ನಿಃಶ್ರೇಯಸವನ್ನು ಅವರು ಮರೆತವರೂ ಅಲ್ಲ. ಧರ್ಮಸಮುದ್ದೇಶದ ಲಕ್ಷಣದಲ್ಲಿ ಅಭ್ಯುದಯದ ಜೊತೆಗೆ ಅದನ್ನೂ ಸೇರಿಸಿದ್ದಾರೆ.

ವೈದಿಕಾಚಾರವನ್ನು ಅನುಮೋದಿಸುವ ಕೆಲವು ಸೂತ್ರಗಳು ಟೀಕಾಕಾರನ ಪ್ರಕ್ಷೇಪವಾಗಿರಬಹುದೆಂಬ ಶಂಕೆಯು, ಮಾಣಿಕಚಂದ್ರ ಗ್ರಂಥಮಾಲೆಯಲ್ಲಿ ಸಟೀಕ ಗ್ರಂಥವು ಮುದ್ರಣಗೊಂಡಾಗಿನಿಂದಲೂ ಇದೆ. ಟೀಕಾಕಾರನು ಹರಿಗೆ ವಂದಿಸಿ ಆರಂಭಿಸಿರುವುದರಿಂದ ಅವನು ಅಜೈನನೆಂಬುದು ನಿಸ್ಸಂದೇಹ. ಆದರೆ ನಮಗೊಪ್ಪದ ಸೂತ್ರವೆಲ್ಲ ಪ್ರಕ್ಷಿಪ್ತವೆನ್ನುವುದು ಪಾಠಶೋಧನೆಯ ಕ್ರಮವಲ್ಲ. ಪ್ರತ್ಯಂತರಗಳ ಬೆಂಬಲ ಬೇಕು. ಈ ಕಾರ್ಯಕ್ಕೆ ನೇಮಿನಾಥನ ಕನ್ನಡ ಟೀಕೆಯು ವಿಶೇಷವಾಗಿ ಒದಗತಕ್ಕದ್ದು. ಅವನು ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರಾದ ವೀರನಂದಿಗಳ ಪ್ರೇರಣೆಯಿಂದ ಟೀಕೆಯನ್ನು ರಚಿಸಿದವನು; ಶಾಸ್ತ್ರವನ್ನು ಓದಿದ್ದಲ್ಲದೆ ಸಂಧಿವಿಗ್ರಹಿಯಾಗಿ ರಾಜಕಾರ್ಯವನ್ನು ನಡೆಸಿದವನು. ಕೋಶಸಮುದ್ದೇಶದ ಆ ಸಮಾಸವನ್ನು ಬಿಡಿಸುವಲ್ಲಿ ಮೊದಲು ಕೇಳಬೇಕಾದ ಸಾಕ್ಷಿ ಇವನೇ.